‘ಪ್ರೂಡ್’ ಅಂದದ್ದಕ್ಕೆ ಥ್ಯಾಂಕ್ಸ್ ಹೇಳಿದ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿ ಕಡೆಯ 20 ವರ್ಷದ ಹುಡುಗಿ, ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಫಿಸಿಯೋಥೆರಪಿ ಓದುತ್ತಾಳೆ. ‘ಕ’ ಎನ್ನೋಣ. ಬಟ್ಟೆ ಬದಲಿಸಲು ಯಾವಾಗಲೂ ಬಾತ್‌ರೂಮಿಗೇ ಹೋಗುತ್ತಾಳೆ. "ನೀನೊಂದು ಪ್ರೂಡ್ ಮಾರಾಯ್ತಿ" ಎಂದಳು ರೂಮ್‌ಮೇಟ್. ‘ಪ್ರುಡೆಂಟ್’ನ ಗಿಡ್ಡ ರೂಪವಿರಬೇಕು, ವಿವೇಕಿ ಎಂದು ಹೊಗಳಿದಳು ಎಂದುಕೊಂಡ ‘ಕ’ ಥ್ಯಾಂಕ್ಸ್ ಹೇಳಿದಳು. ರೂಮೆಲ್ಲ ನಗು. ಮೈ, ಲೈಂಗಿಕತೆಯ ಮಾತಿಗೆ ಅತಿಯಾಗಿ ಮುಖ ಸಿಂಡರಿಸುವವಳು ಎಂಬ ಅರ್ಥವನ್ನು ನಿಘಂಟಿನಲ್ಲಿ ನೋಡಿದ ಮೇಲೆ ಊಟ ಸೇರಲಿಲ್ಲ. ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದ ಮೊದಲ ಭೇಟಿಯಲ್ಲಿ ಕೇಳಿದ್ದು: "ಮೇಡಂ, ಇದು ಕಾಯಿಲೆಯಾ?"

ಕಾಯಿಲೆಯಲ್ಲ, ಬೈಗುಳ. ಫ್ರೆಂಚಿನಲ್ಲಿ ಸದ್ಗುಣಿ ಹೆಂಗಸು ಎಂಬರ್ಥದ ಮಾತಿನಿಂದ ಹುಟ್ಟಿ, 18ನೇ ಶತಮಾನದ ಆರಂಭಕ್ಕೆ ಇಂಗ್ಲಿಷಿಗೆ ಬಂದ ಪದ. ‘ಪ್ರೌಡ್’ಗೆ ಇದು ನೆಂಟ, ‘ಪ್ರುಡೆಂಟ್’ಗೆ ಅಲ್ಲ. ‘ಮಾಡೆಸ್ಟ್’ (ನಾಚಿಕೆ, ಸಂಕೋಚ ಉಳ್ಳವಳು) ಎಂದರೆ ಹೊಗಳಿಕೆ. ‘ಪ್ರೂಡ್’ ಎಂದು ತನ್ನನ್ನು ತಾನೇ ಕರೆದುಕೊಳ್ಳುವವರು ಕಡಿಮೆ, ‘ನಾನೇನೂ ಪ್ರೂಡ್ ಅಲ್ಲ, ಆದರೆ’ ಎಂದು ಪೀಠಿಕೆ ಹಾಕುವವರೇ ಹೆಚ್ಚು. ತನ್ನ ಮೈ ಮುಚ್ಚಿಕೊಳ್ಳುವುದು ನಾಚಿಕೆ. ಬೇರೆಯವರ ಮೈ, ಲೈಂಗಿಕತೆಯ ಮಾತು ಎದುರಾದರೆ ಬೆಚ್ಚಿ ಮುಖ ಸಿಂಡರಿಸುವುದು ಪ್ರೂಡರಿ. ಕನ್ನಡದಲ್ಲಿ ‘ಮಡಿವಂತಿಕೆ’ ಎಂದು ಟೀಕಿಸುವಾಗ ಹೇಳುವುದು ಇದನ್ನೇ. (ರಥಬೀದಿಯ ಒದ್ದೆ ಪಾಣಿಪಂಚೆಯ ಮಡಿ ಬೇರೆ, ಅದನ್ನು ಇಲ್ಲಿಗೆ ಎಳೆಯಬೇಕಿಲ್ಲ.)

ಒಂದು ವಾರ ಏನೇನು ತಪ್ಪಿಸಿಕೊಂಡೆ ಎಂದು ‘ನನ್ನ ಮೈ’, ‘ಬೇರೆಯವರ ಮೈ’ ಎಂಬ ಎರಡು ಪಟ್ಟಿಗಳಲ್ಲಿ ಬರೆದು ತರಲು ಹೇಳಲಾಯಿತು. ಮೊದಲನೆಯದರಲ್ಲಿ ಬಾತ್‌ರೂಮ್ ಮತ್ತು ಕ್ಲಾಸಿನಲ್ಲಿ ಮಾಡೆಲ್ ಆಗಿ ಬೆನ್ನು ತೋರಿಸುವುದು, ಅಷ್ಟೆ. ತೊಂದರೆ ಇದ್ದದ್ದು ಎರಡನೆಯದರಲ್ಲಿ. ರೋಗಿಗಳ ಅಂಗಿಯ ಮೇಲಿಂದಲೇ ಬೆನ್ನು ಮುಟ್ಟಿ ನೋಡುತ್ತಿದ್ದಳು, ಗಂಡಸರನ್ನು ಗೆಳತಿಗೆ ದಾಟಿಸುತ್ತಿದ್ದಳು. ಪ್ರಾಕ್ಟಿಕಲ್‌ನಲ್ಲಿ ಅಂಕ ಹೋದದ್ದು ಇದರಿಂದಲೇ. ಹೆಗಲೆಲುಬಿನ ಏಣಿನ ಒಳತುದಿ ಸುಮಾರು 3ನೇ ಎದೆಕಶೇರುಕದ (ಎದೆಯ ಹಿಂಭಾಗದ ಬೆನ್ನುಮೂಳೆಯ) ಮಟ್ಟಕ್ಕೆ, ಕೆಳಮೂಲೆ 7ನೆಯದರ ಮಟ್ಟಕ್ಕೆ ಬರುತ್ತದೆ. ಈ ಗುರುತುಗಳಿಂದ ಬೆನ್ನುಮೂಳೆ ಎಣಿಸುವಾಗ ಬಟ್ಟೆ ಬೆರಳಿನ ಜೊತೆ ಜಾರಿದರೆ ಎಣಿಕೆ ಒಂದು ಮೂಳೆ ತಪ್ಪುತ್ತದೆ. ಸ್ನಾಯು ಸೊರಗಿದ್ದರಂತೂ ಅಂಗಿಯೊಳಗೆ ಕಾಣುವುದೇ ಇಲ್ಲ.

ಹಿಂದೆ ಯಾರಿಂದಾದರೂ ಕೆಟ್ಟ ಸ್ಪರ್ಶ ಆಗಿತ್ತೇ ಎಂದು ಮೊದಲೇ ಕೇಳಿಕೊಂಡಾಗಿತ್ತು. ಹೌದೆಂದಿದ್ದರೆ ಮುಂದಿನ ಮೆಟ್ಟಿಲುಗಳನ್ನು ಶುರು ಮಾಡುವಂತಿರಲಿಲ್ಲ. ಇಲ್ಲವೆಂದಳು. ಮುಜುಗರಕ್ಕೆ 0ಯಿಂದ 10ರ ಅಂಕ ಕೊಡಿಸಿದೆವು: ಅಂಗರಚನೆಯ ಅಟ್ಲಾಸಿನ ಚಿತ್ರ 2, ಗೆಳತಿಯ ಬೆನ್ನು 4, ವಯಸ್ಸಾದ ಅಮ್ಮನೊಬ್ಬರ ಬೆನ್ನು 5, ಗಂಡಸಿನ ಮೊಣಕಾಲು 6, ಗಂಡಸಿನ ಬೆನ್ನು 8. ಒಂದೊಂದು ಮೆಟ್ಟಿಲನ್ನೂ ವಾರಕ್ಕೆ ಮೂರು ಸಲ ಹತ್ತಬೇಕು, ಅಂಕ ಅರ್ಧಕ್ಕಿಳಿಯುವವರೆಗೆ ನಿಲ್ಲಬೇಕು. ಮುಜುಗರ ಏರಿದ ಹೊತ್ತಿಗೇ ಎದ್ದುಹೋದರೆ, ಓಡಿದ್ದರಿಂದ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ.

ಎರಡನೇ ವಾರ ಅವಸರಪಟ್ಟು ನೇರ 8ಕ್ಕೆ ಹಾರಿದಳು. ಕೈ ತಣ್ಣಗಾಗಿ ಗೆಳತಿಯನ್ನು ಕರೆದಳು. ಇನ್ನೊಂದು ತಪ್ಪು ಸೂಕ್ಷ್ಮವಾದದ್ದು: ಬೆನ್ನು ಮುಟ್ಟುವಾಗ ಕಣ್ಣು ಗೋಡೆಯ ಕ್ಯಾಲೆಂಡರ್ ಮೇಲೆ. ಹಾಗೆ ಮಾಡಿದರೆ ಮುಜುಗರದ ಅಂಕ ಇಳಿಯುವುದಿಲ್ಲ. ಮುಟ್ಟಿದ ಮೂಳೆಯನ್ನು ನೋಡುತ್ತಲೇ ಅದರ ಹೆಸರನ್ನು ಮೆಲುದನಿಯಲ್ಲಿ ಹೇಳಿಸಿದ ಮೇಲೆ ಸರಿಹೋಯಿತು.

ರೋಗಿಗೆ ಹೇಳುವ ಮಾತನ್ನೂ ರೂಢಿ ಮಾಡಿಸಿದೆವು: "ಅಣ್ಣ, ಬೆನ್ನಿನ ಮೂಳೆ ನೋಡ್ಲಿಕ್ಕುಂಟು, ಅಂಗಿ ತೆಗೀಬೇಕಾಗ್ತದೆ, ಅಡ್ಡಿ ಇಲ್ವಾ?" ಒಪ್ಪಿದರೆ ಪರದೆ ಎಳೆದು, ಬೇಕಾದಷ್ಟೇ ಭಾಗ ತೆರೆದು, ಮುಗಿದೊಡನೆ ಹೊದಿಸುವುದು. ಇದರಲ್ಲಿ ‘ಕ’ ಉಳಿದವರಿಗಿಂತ ಚುರುಕು. ಮುಚ್ಚಿಕೊಳ್ಳುವ ಕಷ್ಟ ಅವಳಿಗೆ ಗೊತ್ತಿತ್ತಲ್ಲ.

ಕ್ಲಾಸಿನಲ್ಲಿ ಮಾಡೆಲ್ ಆಗಲು ಒಲ್ಲೆನೆನ್ನುವ ಹಕ್ಕು ಅವಳಿಗಿದೆ ಎಂದು ಹೇಳಿದೆವು. ಆದರೆ ಆ ಗಳಿಗೆಯಲ್ಲಿ ತಲೆತಗ್ಗಿಸಿ ನಿಲ್ಲುವುದಲ್ಲ, ಹಿಂದಿನ ದಿನವೇ ಅಧ್ಯಾಪಕರ ಹತ್ತಿರ ಹೋಗಿ ಹುಡುಗಿಯೇ ಜೊತೆಗಾರ್ತಿ, ಹಿಂದೆ ತೆರೆಯುವ ಗೌನು, ಪರದೆ ಕೇಳುವುದು. ರೂಮ್‌ಮೇಟ್‌ಗೆ ಉತ್ತರ ಚಿಕ್ಕದು: "ನಾಚಿಕೆ ಉಂಟು, ಪ್ರೂಡ್ ಅಲ್ಲ."

ಆರನೇ ಭೇಟಿಯ ಹೊತ್ತಿಗೆ ಗಂಡಸಿನ ಬೆನ್ನು 8ರಿಂದ 4ಕ್ಕೆ ಇಳಿದಿತ್ತು. ಬಟ್ಟೆಯನ್ನು ಈಗಲೂ ಬಾತ್‌ರೂಮಿನಲ್ಲೇ ಬದಲಿಸುತ್ತಾಳೆ. ಅದನ್ನು ಬಿಡಿಸಲು ನಾವು ಹೋಗಲೂ ಇಲ್ಲ.