ದಾಳಿಂಬೆ ರಸ ನನಗೆ, ಚರಟ ಹಸುವಿಗೆ

ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ, ನನಗೆ 36 ವರ್ಷ, ಬೆಳಗ್ಗೆ ಜ್ಯೂಸ್‌ಗೆ ಬ್ಲೂಬೆರ್ರಿ ಒಳ್ಳೇದಾ, ಅಸಾಯಿ (ಬ್ರೆಜಿಲ್ ಕಡೆಯ ಒಂದು ಕಪ್ಪು ಹಣ್ಣು) ಪುಡಿ ಒಳ್ಳೇದಾ, ಯಾವುದರಲ್ಲಿ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳಿಗೆ ಆಗುವ ಹಾನಿ ತಡೆಯುತ್ತೆ ಅನ್ನೋ ಅಂಶ, ಜಾಸ್ತಿ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಹೀಗೇ ಕಂಡಕಂಡವರನ್ನೆಲ್ಲ ಕೇಳಿಕೊಂಡು ಓಡಾಡಿದ್ದೆ. ಆಗ ಯಾರೂ ತಡೆಯಲಿಲ್ಲ.

ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಕೊನೆಗೆ ಕಾಲಿನ ಹೆಬ್ಬೆರಳು ತೆಗೆಸಬೇಕಾಯಿತು. ನನಗೆ 38 ತುಂಬಿದಾಗ ಭಯ ಬಿದ್ದು ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 6.0 ಬಂತು. ಸುಮಾರು ಮೂರು ತಿಂಗಳಲ್ಲಿ ಸಕ್ಕರೆ ಹೇಗಿತ್ತು ಅಂತ ಹೇಳುವ ಪರೀಕ್ಷೆ ಅದು. 5.7ರಿಂದ ಗಡಿ ಶುರು, 6.5 ಮುಟ್ಟಿದರೆ ಕಾಯಿಲೆ. ಡಾಕ್ಟರ್ ಹೇಳಿದ್ದು ಇಷ್ಟೇ: ಅನ್ನ ಕಡಿಮೆ ಮಾಡಿ, ನಡೆಯಿರಿ, ಹಣ್ಣು ತಿನ್ನಿ, ಮೂರು ತಿಂಗಳು ಬಿಟ್ಟು ಬನ್ನಿ.

ಅದರಲ್ಲಿ ಹಣ್ಣೊಂದೇ ನನ್ನ ತಲೆಯಲ್ಲಿ ಉಳಿಯಿತು. ಅವತ್ತು ರಾತ್ರಿ ಫೋನ್ ಹಿಡಿದು ಕೂತಾಗ ಹಣ್ಣುಗಳ ಓರಾಕ್ ಅಂಕಗಳ ಪಟ್ಟಿ ಸಿಕ್ಕಿತು. ನೀವೂ ಅಂಥದ್ದೇ ಒಂದು ಪಟ್ಟಿ ನೋಡಿರುತ್ತೀರಿ. ಓರಾಕ್ ಅಂದರೆ ಲ್ಯಾಬಿನ ಕೊಳವೆಯಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಶಕ್ತಿ. ಅಲ್ಲಿ ಕಂಡದ್ದು ಮೈಯೊಳಗೂ ಹಾಗೇ ನಡೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಕಂಪನಿಗಳು ಮಾತ್ರ ಇದನ್ನು ಜಾಹೀರಾತಿಗೆ ಬಳಸಿಕೊಳ್ಳುತ್ತಿವೆ ಅಂತ ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತನ್ನ ಪಟ್ಟಿಯನ್ನು ತೆಗೆದುಹಾಕಿತ್ತು. ಆರು ವರ್ಷ ಕಳೆದ ಮೇಲೆ ನಾನು ಅದೇ ಅಂಕಗಳನ್ನು ನಂಬಿ 14,000 ರೂಪಾಯಿ ಕೊಟ್ಟು ಜ್ಯೂಸ್ ಮೆಷಿನ್ ತಂದೆ.

ನನ್ನ ತಪ್ಪು ಎಲ್ಲಿ ಆಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಜ್ಯೂಸ್ ಅಂದಿದ್ದೀರಿ, ಅದಕ್ಕೆ.

ದಿನಾ ಬೆಳಗ್ಗೆ ನಾಲ್ಕು ದಾಳಿಂಬೆ ಬಿಡಿಸುತ್ತಿದ್ದೆ. ಜೂನ್ ಬಂದರೆ ಜೊತೆಗೆ ನೇರಳೆ ಹಣ್ಣು, ಬೀಜ ತೆಗೆದು. ಮೆಷಿನ್ನಿನ ಒಂದು ಬಾಯಲ್ಲಿ ರಸ, ಇನ್ನೊಂದು ಬಾಯಲ್ಲಿ ಚರಟ. ರಸ ನನಗೆ, 300 ಎಂಎಲ್ ಲೋಟದ ತುಂಬಾ. ಚರಟವನ್ನು ಬೀದಿ ಕೊನೆಯ ಮನೆಯವರ ಹಸುವಿಗೆ ಹಾಕಿ ಬರುತ್ತಿದ್ದೆ. ನೇರಳೆ ಕಾಲದಲ್ಲಿ ಆ ಹಸುವಿನ ಮೂತಿಯೆಲ್ಲ ನೇರಳೆ ಬಣ್ಣ! ಆಂಥೋಸಯಾನಿನ್ ಅನ್ನೋ ಆಂಟಿಆಕ್ಸಿಡೆಂಟ್ ಅಂತ ನಾನು ಹುಡುಕಿಕೊಂಡು ಹೋಗಿದ್ದು ಆ ಬಣ್ಣವನ್ನೇ. ಅದು ಜಾಸ್ತಿ ಇರೋದು ಸಿಪ್ಪೆಯಲ್ಲಿ. ನನ್ನ ಲೋಟದಲ್ಲೂ ಬಣ್ಣ ಇತ್ತು, ಇಲ್ಲ ಅನ್ನಲ್ಲ. ಆದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವ ಹಾಗೆ ಮಾಡೋದು ನಾರು. ಆ ನಾರು ಹಸುವಿಗೆ ಹೋಯಿತು, ಸಕ್ಕರೆ ಪೂರ್ತಿ ನನಗೆ ಬಂತು. ಅಷ್ಟು ದಾಳಿಂಬೆ ರಸದಲ್ಲಿ ಸುಮಾರು 35ರಿಂದ 40 ಗ್ರಾಂ ಸಕ್ಕರೆ ಇರುತ್ತೆ. ಅಂದರೆ ಎಂಟೊಂಬತ್ತು ಟೀ ಚಮಚ. ಕಾಫಿಗೆ ಸಕ್ಕರೆ ಬಿಟ್ಟಿದ್ದೆ ನಾನು! ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇಷ್ಟನ್ನು ಎರಡು ನಿಮಿಷದಲ್ಲಿ ಕುಡಿದು, ಇವತ್ತಿನ ಔಷಧಿ ಆಯಿತು ಅಂತ ವಾಕಿಂಗ್ ಕೂಡ ತಪ್ಪಿಸುತ್ತಿದ್ದೆ. ಮೂರು ತಿಂಗಳಿಗೆ ಬನ್ನಿ ಅಂದಿದ್ದ ಡಾಕ್ಟರ್ ಹತ್ತಿರ ಒಂಬತ್ತು ತಿಂಗಳಿಗೆ ಹೋದೆ.

7.1.

ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು, "ಬೆಳಗ್ಗೆ ಎದ್ದು ಏನು ತಗೋತೀರಿ?" ಅಂದರು. ಹೇಳಿದೆ. "ನಾಲ್ಕು ದಾಳಿಂಬೆ ಬಿಡಿಸಿ ತಟ್ಟೆಗೆ ಹಾಕಿ ಕೊಟ್ಟರೆ ಒಂದೇ ಸಲಕ್ಕೆ ತಿಂತೀರಾ?" ಅಂದರು. ಇಲ್ಲ, ಒಂದಕ್ಕೇ ಸಾಕಾಗುತ್ತೆ ಅಂದೆ. "ಮತ್ತೆ ಕುಡಿಯೋದು ಯಾಕೆ?" ಅಂದರು. ಜ್ಯೂಸ್ ಒಂದೇ ಕಾರಣ ಅಂತ ಅವರು ಹೇಳಲಿಲ್ಲ. ಅಪ್ಪನ ಕಡೆಯಿಂದ ಬಂದದ್ದೂ ಇದೆ, ನಡೆಯದೆ ಕೂತದ್ದೂ ಇದೆ. ಆದರೆ ಆ ಒಂಬತ್ತು ತಿಂಗಳು ನನ್ನ ಕೈಯಲ್ಲಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಅವತ್ತಿನಿಂದ ಮಾತ್ರೆ ಶುರುವಾಯಿತು.

ಆಮೇಲೆ ಓದಿದ್ದು ಇದು. ಅಮೆರಿಕದ ನರ್ಸ್‌ಗಳು ಮತ್ತು ಇತರ ಆರೋಗ್ಯ ಸಿಬ್ಬಂದಿ ಸೇರಿ 1,87,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬ್ಲೂಬೆರ್ರಿ, ದ್ರಾಕ್ಷಿ, ಸೇಬನ್ನು ಇಡಿಯಾಗಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಹಣ್ಣಿನ ರಸ ಕುಡಿಯುವವರಲ್ಲಿ ಜಾಸ್ತಿ ಕಂಡಿತು. ಹಣ್ಣೇ ಕಾಪಾಡಿತು ಅಂತ ಇಂಥ ಅಧ್ಯಯನದಿಂದ ಖಡಾಖಂಡಿತವಾಗಿ ಹೇಳೋಕಾಗಲ್ಲ. ಆದರೂ ನನಗೆ ಅಷ್ಟು ಸಾಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಯಾವುದರಲ್ಲಿ ಜಾಸ್ತಿ ಅಂತ ಹುಡುಕಬೇಡಿ. ಬ್ಲೂಬೆರ್ರಿ ಒಳ್ಳೆ ಹಣ್ಣೇ, ಆದರೆ ಅಂಗೈಯಗಲದ ಡಬ್ಬಿಗೆ ಮುನ್ನೂರು ರೂಪಾಯಿ ಕೊಟ್ಟು ದಿನಾ ತಿನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ತಳ್ಳುಗಾಡಿಯ ಸೀಬೆ ಹಣ್ಣು ತಗೊಳ್ಳಿ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ವಿಟಮಿನ್ ಸಿ ಇದೆ, ಕಿತ್ತಳೆಯಲ್ಲಿ ಇರೋದು 50ರ ಆಸುಪಾಸು. ಮಳೆ ಶುರುವಾದಾಗ ನೇರಳೆ, ತುಳಸಿ ಹಬ್ಬದ ಹೊತ್ತಿಗೆ ಬೆಟ್ಟದ ನೆಲ್ಲಿ, ಸಂಕ್ರಾಂತಿಗೆ ಎಲಚಿ. ನಮ್ಮೂರು ಶಿಡ್ಲಘಟ್ಟದ ಕಡೆ. ರೇಷ್ಮೆಗೆ ಅಂತ ಬೆಳೆಸಿದ ಹಿಪ್ಪುನೇರಳೆ ಗಿಡದ ಕಪ್ಪು ಹಣ್ಣನ್ನು ಕಿತ್ತು ತಿಂದು, ನಾಲಿಗೆ ಚಾಚಿ ಯಾರದ್ದು ಜಾಸ್ತಿ ಕಪ್ಪಾಗಿದೆ ಅಂತ ನೋಡಿಕೊಂಡು ಬೆಳೆದವರು ನಾವು. ಅದರಲ್ಲಿ ಇರೋದೂ ಅದೇ ಆಂಥೋಸಯಾನಿನ್. ಒಂದು ಹಿಡಿ ತಿನ್ನಿ, ಹಲ್ಲಲ್ಲಿ ಅಗಿದು ತಿನ್ನಿ.

ಪುಡಿ ಬೇಡ ಅಂತ ಆಂಟಿಆಕ್ಸಿಡೆಂಟ್ ಗುಳಿಗೆ ಕಡೆಗೂ ಹೋಗಬೇಡಿ. ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುವ 29,000 ಗಂಡಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಅನ್ನೋ ಆಂಟಿಆಕ್ಸಿಡೆಂಟ್ ಗುಳಿಗೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು, 1994ರಲ್ಲೇ ಇದು ಗೊತ್ತಾಗಿತ್ತು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ನೇರಳೆ ಬೀಜದ ಪುಡಿ ಕೊಟ್ಟು ಮಾತ್ರೆ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇದ್ದರೆ ಧಾರೆಹುಳಿ ಹಣ್ಣನ್ನು ಮುಟ್ಟಲೇಬಾರದು, ಅಂಥವರಿಗೆ ಅದು ವಿಷವಾಗುತ್ತೆ.

ಇನ್ನೊಂದು. ಇಷ್ಟುದ್ದ ಪ್ರಶ್ನೆಯಲ್ಲಿ ನಿಮ್ಮ ಎಚ್‌ಬಿಎ1ಸಿ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಪರೀಕ್ಷೆ ಮಾಡಿಸಿಲ್ಲ ಅನ್ಸುತ್ತೆ. ಅಸಾಯಿ ಪುಡಿಗೆ ಆರ್ಡರ್ ಹಾಕಿದ್ದರೆ ಕ್ಯಾನ್ಸಲ್ ಮಾಡಿ, ಆ ದುಡ್ಡಲ್ಲಿ ಈ ವಾರವೇ ಹೋಗಿ ಮಾಡಿಸಿ. ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡ್ತಿರ್ತೀನಿ.