ನೇತ್ರಾಣಿಗೆ ಮಕ್ಕಳ ಜೊತೆ

ಪ್ರಶ್ನೆ: ಡಿಸೆಂಬರ್ ರಜೆಗೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು) ಮಾಡುವ ಆಸೆ. ಮಗಳಿಗೆ 12, ಮಗನಿಗೆ 8. ನನಗೆ ಈಜು ಬರುವುದಿಲ್ಲ. ಹೋಗಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಧಾರಾಳವಾಗಿ ಹೋಗಿ. ಈಜು ಬರದಿದ್ದರೂ ಪರವಾಗಿಲ್ಲ, ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಮಗನಿಗೆ ಮಾತ್ರ ಈ ಸಲ ಇಲ್ಲ. ಸಮುದ್ರದಲ್ಲಿ ಸ್ಕೂಬಾ ಮಾಡಲು 10 ತುಂಬಿರಬೇಕು. ಅಳ್ತಾನೆ, ಅಳಲಿ. ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆಯೇ ತೇಲುತ್ತಾ ಕೆಳಗೆ ನೋಡುವುದು) ಮಾಡಿಸಿ, ಮೀನು ಮೇಲಿನಿಂದಲೂ ಕಾಣುತ್ತವೆ.

ನನ್ನನ್ನು ಕೇಳಿದರೆ ನೀರಿಗಿಂತ ದೋಣಿಯೇ ಜಾಸ್ತಿ ಕಷ್ಟ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ., ಪೂರ್ತಿ ಕುಲುಕಾಟ. ಬೆಳಿಗ್ಗೆ ಇಡ್ಲಿ ಸಾಕು, ಗೋಳಿಬಜೆ ಸಂಜೆಗಿರಲಿ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತಗೊಳ್ಳಿ.

ಕೆಳಗಿಳಿಯುವಾಗ ಕಿವಿ ಒತ್ತುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ. ಉಸಿರು ಮಾತ್ರ ಎಂದೂ ಬಿಗಿಹಿಡಿಯಬೇಡಿ. ಶೀತವಿದ್ದರೆ, ದುಡ್ಡು ಕಟ್ಟಿದ್ದರೂ ಸರಿ, ಇಳಿಯಲೇಬೇಡಿ.