ಮ್ಯಾಪಿನ ಮೇಲಿನ ಚುಕ್ಕೆ

ಪ್ರಶ್ನೆ: ಮಗಳಿಗೆ 19 ವರ್ಷ, ಮೈಸೂರಿನಲ್ಲಿ ಪಿಜಿಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ನಾವು ಶಿವಮೊಗ್ಗದವರು. ದಿನಾ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕಬೇಕು ಅಂತ ಹೇಳಿದ್ದೆ. ಮೊನ್ನೆ ರಾತ್ರಿ ಚುಕ್ಕೆ ಒಂದೇ ಕಡೆ ನಿಂತುಬಿಟ್ಟಿತು, ಹದಿನಾಲ್ಕು ಸಲ ಫೋನ್ ಮಾಡಿದೆ. ನೋಡಿದರೆ ಚಾರ್ಜ್ ಖಾಲಿಯಾಗಿತ್ತಂತೆ. ಈಗ "ಅಮ್ಮಾ, ಇನ್ನು ಹಾಕಲ್ಲ" ಅಂತಿದ್ದಾಳೆ. ನನಗೆ ಹೊಲಿಗೆಗೆ ಕೂರಲೂ ಮನಸ್ಸಿಲ್ಲ, ಫಾಲ್ಸ್ ಹಚ್ಚಲು ಕೊಟ್ಟ ಸೀರೆಗಳು ಹಾಗೇ ಬಿದ್ದಿವೆ. ನಾನು ಮಾಡಿದ್ದು ತಪ್ಪಾ?

ಉತ್ತರ: ಭಯ ತಪ್ಪಲ್ಲ ಕಣ್ರೀ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಚುಕ್ಕೆ ಬೇಡದ ಕಡೆ ಹೋಗಿದ್ದರೂ ನೀವು ಏನು ಮಾಡುತ್ತಿದ್ದಿರಿ? ಬಸ್ಸು ಹತ್ತಿದರೂ ಐದಾರು ಗಂಟೆಯ ದಾರಿ. ಚುಕ್ಕೆ ಫೋನ್ ಎಲ್ಲಿದೆ ಅಂತ ಹೇಳುತ್ತದೆ ಅಷ್ಟೇ, ಮಗಳು ಹೇಗಿದ್ದಾಳೆ ಅಂತ ಹೇಳುವುದಿಲ್ಲ.

ನನ್ನ ಮಗ ಬೈಕ್ ಕಲಿತ ವರ್ಷ ನಾನೂ ಹೀಗೇ ಇದ್ದೆ. ಗೇಟಿನ ಸದ್ದು ಕೇಳುವವರೆಗೆ ವರಾಂಡದ ಲೈಟ್ ಆರಿಸುತ್ತಿರಲಿಲ್ಲ, ಅವನು ಬಂದ ಮೇಲೆ, ನಾನು ಎಚ್ಚರ ಇದ್ದದ್ದಕ್ಕೇ ಸರಿಯಾಗಿ ಮನೆ ಸೇರಿದ ಅಂತ ಒಳಗೊಳಗೇ ಅನಿಸುತ್ತಿತ್ತು. ಒಂದು ರಾತ್ರಿ ಜ್ವರದ ಮಾತ್ರೆ ನುಂಗಿ ನಿದ್ದೆ ಹೋದೆ. ಬೆಳಿಗ್ಗೆ ಎದ್ದರೆ ಅವನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ. ನಿಜ ಹೇಳಬೇಕೆಂದರೆ ಸಮಾಧಾನಕ್ಕಿಂತ ಸ್ವಲ್ಪ ಅವಮಾನವೇ ಆಯಿತು!

ನೋಡಿದಾಗ ಜೀವ ತಣ್ಣಗಾಗುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ನೋಡಬೇಕು ಅನಿಸುತ್ತದೆ. ಕಜ್ಜಿ ಕೆರೆದ ಹಾಗೆ, ಕೆರೆದಷ್ಟೂ ಜಾಸ್ತಿ. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ನಿಗೆ ಇರುವುದು 15 ನಿಮಿಷ, 1 ಗಂಟೆ, 8 ಗಂಟೆ, ಮೂರೇ ಆಯ್ಕೆ. ನೀವು 8 ಗಂಟೆಯದನ್ನೇ ಹಿಡಿದಿರಬೇಕು, ಅಲ್ವಾ? ರಾತ್ರಿ ತಡವಾಗಿ ಒಬ್ಬಳೇ ಆಟೋ ಹತ್ತಿದಾಗ ಮಾತ್ರ 1 ಗಂಟೆ ಸಾಕು, ಅದೂ ಅವಳಾಗಿಯೇ ಹಾಕಿದರೆ. ಪಿಜಿ ಆಂಟಿಯದ್ದು, ಒಬ್ಬ ಗೆಳತಿಯದ್ದು ನಂಬರ್ ನಿಮ್ಮ ಹತ್ತಿರ ಇರಲಿ. ತುರ್ತಿಗೆ 112 ಇದೆ ಅಂತ ಅವಳಿಗೆ ಗೊತ್ತಿರಲಿ. ಊಟ ಆಯ್ತಾ ಅಂತ ಕೇಳಲು ರಾತ್ರಿ ಒಂದು ಫೋನ್.

ಮೊದಲ ವಾರ ಕಷ್ಟ, ಕೈ ಸುಮ್ನೆ ಫೋನ್ ಕಡೆಗೇ ಹೋಗುತ್ತದೆ. ಅದನ್ನು ಇನ್ನೊಂದು ಕೋಣೆಯಲ್ಲಿಟ್ಟು (ರಿಂಗ್ ಜೋರಾಗಿಯೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ) ಮೊದಲು ಯಾವ ಸೀರೆ ಕೊಡಬೇಕೋ ಅದನ್ನು ತೆಗೆದುಕೊಂಡು ಕೂರಿ. ಆಗ ಮಗಳೇ ಫೋನ್ ಮಾಡಿದರೆ "ಎಲ್ಲಿದ್ದೀಯ?" ಅಂತ ಶುರು ಮಾಡಬೇಡಿ. ಯಾರ ಸೀರೆ, ಯಾವ ಬಣ್ಣ ಅಂತ ಹೇಳಿ.